ಆರು ಸೀಳು

ನಮ್ಮ ಬೆಟಗೇರಿ ಓಣ್ಯಾಗ
ಮೀನ ತಿನ್ನೂ ಮನಿ ಒಂದೂ ಇಲ್ಲ.
ಅಂಥಾದ್ರಾಗ ನಾನು
ಗಾಳದ ಕೋಲ ಮಾಡಾಕ ಕುಂತೀನಿ ಅಂದ್ರ
ಯಾರು ನಗೂದಿಲ್ಲ ಹೇಳ್ರಿ.

ತಪ್ಪು ಆ ರಾಟಿದು.
ಗುಡ್ಡದ ಮ್ಯಾಲಿನ ಗಾಳಿಪಂಖ ರಿಪೇರಿಗೆ ಬಂದಾಂವ
ನಮ್ಮ ಮಾಳಿಗಿ ಖೋಲ್ಯಾಗ ಎಂಟು ತಿಂಗಳ ಇದ್ದ.
ಹೋಗೂ ಮುಂದ ಮಾಡದಾಗ ಮರತು ಬಿಟ್ಟಿದ್ದ,
ಅಂಗೈ ಅಗಲದ ಹಿತ್ತಾಳಿ ರಾಟಿ.
ತಿರುವಿದರ ಮಿಡತಿ ಹಾರಿಧಂಗ ಕಿರ್ ಅಂತಿತ್ತು.
ಕಂಡಿಕಿ ಸುತ್ತೂ ನಮ್ಮ ರಾಟಿಗೆ
ಮುಪ್ಪಿನ್ಯಾಗ ಹುಟ್ಟಿದ ಕೂಸು.
ಇಂಥಾದ್ದನ್ನ ಕೋಲಿಲ್ಲದ ಹ್ಯಾಂಗ ಇಡೂದು?

ಮೇದಾರ ಯಮನೂರಪ್ಪ ಕೇಳಿದ,
ಬುಟ್ಟಿಗೋ, ನಿಚ್ಚಣಿಕಿಗೋ?
ಮೀನಕ್ಕ, ಅಂದೆ.
ಕೈಯಾನ ಬಿದರು ಕೆಳಗಿಟ್ಟ.
ಹಂಗಾರ ಇದು ಬ್ಯಾಡ, ಹಸೀದು.
ಅಟ್ಟದ ಮ್ಯಾಲ ಮೂರು ವರ್ಷ
ಒಲಿ ಹೊಗಿ ಕುಡದದ್ದೊಂದ ಇಳಿಸಿ
ಬೆರಳಿನಿಂದ ಬಡದು, ಕಿವಿಗೊಟ್ಟು,
ಅರ್ಧ ರೊಕ್ಕ ತಗೊಂಡ.
ಉಳದದ್ದು ಕೋಲ ತೋರಸಾಕ ಬಂದಾಗ.

ಒಂದು ಬಿದರು, ಆರು ಸೀಳು.
ಸೀಳಿಗೆ ಮೂರು ಮೂಲಿ, ಮೂಲಿಗೆ ಅರವತ್ತು ಡಿಗ್ರಿ.
ಮೌನೇಶ ಬಡಿಗ್ಯಾರ
ಮತ್ತಿ ಹಲಗ್ಯಾಗ ಸಂದು ಕೊರದು ಕೊಟ್ಟ,
ಅದರಾಗ ಮಲಗಿಸಿ ದಿನಾ ರಾತ್ರಿ ಕೀಸೂದು.
ಮಗ್ಗ ಇಳದ ಮ್ಯಾಲ, ಊಟದ ಮ್ಯಾಲ,
ಪೇಪರಿನಷ್ಟು ತೆಳುವು ತಗೀಬೇಕು,
ತುದಿ ಬರಬರತ ಗರಿಕಿಯಷ್ಟಾಗಬೇಕು.
ಮೊದಲಿನ ಆರೂ ನೀರ ಕಾಸಾಕ ಹ್ವಾದವು.
ಎರಡನೇದ್ರಾಗ ಐದು ಮಾತ ಕೇಳಿದವು,
ಒಂದು ಕೇಳಲಿಲ್ಲ.
ಸಿಗಡಿ ಮ್ಯಾಲ ಹಿಡದು ನೆಟ್ಟಗ ಮಾಡಿದೆ,
ಆರಿದ ಕೂಡಲೆ ತನ್ನ ಹಟಕ್ಕ ಬಂತು.
ಇರಲಿ ಅಂತ ಆರನ್ನೂ ಸರಸ ಹಚ್ಚಿ ಬಿಗದೆ.

ಉಂಗುರ ಕೂಡಿಸೂದು ಬಂತು.
ರೇಶಿಮಿ ನೂಲ ಸುತ್ತಾಕತ್ತಿದ್ದೆ, ಜಾರಾಕತ್ತಿತ್ತು.
ಎರಡು ತಿಂಗಳ ಕಡ್ಡಿ ಕಸ ಗುಡಿಸಿ
ಬಾಯಿ ಬಿಡದ ರುಕ್ಮವ್ವ
ಸರೀರಿ, ಅಂದಳು.
ಸೀರಿ ಅಂಚಿಗೆ ಉಳದ ಕೆಂಪು ತಂದು
ಒಂದರ ಮಗ್ಗಲ ಒಂದು, ಕೂದಲ ಹಿಡಿಸಲಾರದಂಗ
ಸುತ್ತಿ, ತುದಿ ತನ್ನ ಹೊಟ್ಟ್ಯಾಗ ತಾನ ಎಳಕೊಂಡಿತು.
ಗಂಟಿಲ್ಲ. ಎಲ್ಲಿ ಮುಗದೈತಿ ಹುಡುಕ್ರಿ, ಅಂದಳು.
ನಾ ಇನ್ನೂ ಹುಡುಕಾಕತ್ತೀನಿ.

ಹುಸಿನೊಣ ನಾನ ಕಟ್ಟಿದೆ.
ಹುಂಜದ ಕುತಿಗಿ ಪುಕ್ಕ, ಜರಿ ಎಳಿ ಒಂದು.
ಕಟ್ಟಿದ ಮ್ಯಾಲ ಇಕ್ಕಳ ತಗೊಂಡು
ಮೊನಿ ಮುರದೆ.
ಇದನ್ನ ಮನ್ಯಾಗ ಹೇಳಲಿಲ್ಲ.

ಕೊರ್ಲಹಳ್ಳಿ ಸೇತುವಿ ಕೆಳಗ
ತುಂಗಭದ್ರೆ ಮೊಣಕಾಲ ಮಟ್ಟ.
ಲಾಳಿ ಒಗದ ಕೈಗೆ ಒಗಿಯೂದು ಕಲಿಸಬೇಕಿಲ್ಲ,
ನಿಲ್ಲಿಸೂದು ಕಲಿಸಬೇಕು.
ನೂಲು ಹಿಂದ ಪೂರ್ತಿ ಹಾಸೂತನಕ ತಡೀಬೇಕು,
ಆಮ್ಯಾಲ ಮುಂದ.
ಗಾಳಕ್ಕ ಗಾಳಿಯೊಳಗ ಅರ್ಧ ಆಯುಷ್ಯ.
ಪ್ರತಿ ಸಲ ಒಂದು ಮೊಳ ಎಡಕ್ಕ ಬೀಳತಿತ್ತು.
ಕೋಲ ತಿದ್ದಾಕಾಗೂದಿಲ್ಲ,
ಒಂದು ಮೊಳ ನಾನ ಬಲಕ್ಕ ಸರದು ನಿಂತೆ.

ಅಂಬಿಗರ ಹುಡುಗ ಹುಲಗಪ್ಪ
ನೊಣ ಹಿಡದು ನೋಡಿ, ಕಾಕಾ, ಮೊನಿನ ಇಲ್ಲ.
ಹೂಂ.
ಮತ್ತ ಯಾತಕ?
ಉತ್ತರ ನನ್ನ ಹಂತೇಕ ಇರಲಿಲ್ಲ.
ಹೊತ್ತ ಇಳಿಯೂ ಮುಂದ ಒಂದು ಗೆಂಡಿ
ಜಗ್ಗಿತು. ತುದಿಯಿಂದ ಹಿಡಿಕಿ ಮಟ
ಆರೂ ಬಾಗಿದವು, ಆ ಹಟದ್ದೂ ಸೈತ,
ಅಂಗೈಯಾಗ ನದಿ ಒಮ್ಮೆ ಮಿಡದು
ಉಗುಳಿ ಹೋತು.
ಹುಲಗಪ್ಪ ಬಿದ್ದು ಬಿದ್ದು ನಕ್ಕ.
ನಕ್ಕಾಂವ ಆಮ್ಯಾಲ, ನನಗೊಮ್ಮೆ ಕೊಡ, ಅಂದ.
ಕತ್ತಲಾಗೂತನಕ ಕೊಡಲೇ ಇಲ್ಲ ತಿರುಗಿ.

ಯಮನೂರಪ್ಪಗ ತೋರಿಸಿದೆ.
ಕಣ್ಣ ಮುಚ್ಚಿ ಹೆಬ್ಬೆರಳ ಎಳಕೋತ ಬಂದು
ನಾಕನೇ ಸೀಳಿಗೆ ನಿಂದ್ರಿಸಿದ.
ಇದು ಪಡುವಣ ಮಗ್ಗಲದ್ದು,
ಗಾಳಿಗೆ ಎದಿ ಕೊಟ್ಟು ನಿಂತಿತ್ತು, ಬಾಗೂದಿಲ್ಲ.
ತಗದು ಒಗಿಬೇಕಿತ್ತೇನು?
ಒಗದಿದ್ರ ಕೋಲ ಬಾಳ ದಿನ ಬರತಿರಲಿಲ್ಲ.
ಅಂದು, ಕೈ ಚಾಚಿ,
ಉಳದ ರೊಕ್ಕ ಇಸಗೊಂಡ.